ಒಂದೇ ಒಂದು ಸಲ

ನಮ್ಮ ಸಕಲೇಶಪುರ–ಆಲೂರು ಸೀಮೆಯಲ್ಲಿ ಸರ್ಕಾರ ಶ್ರದ್ಧೆಯಿಂದ ಪೂರ್ವಾಪರ ವಿಚಾರಿಸುವುದು ಎರಡೇ ಜೀವಿಗಳದ್ದು. ಒಂದು ಕಾಡಾನೆ, ಇನ್ನೊಂದು ಪೊಲೀಸ್ ಕೆಲಸಕ್ಕೆ ಆಯ್ಕೆಯಾದ ಹುಡುಗ. ಇವೆರಡರಲ್ಲಿ ಆನೆಯ ದಾಖಲೆಯೇ ಅಚ್ಚುಕಟ್ಟು. ಅದಕ್ಕೆ ಹೆಸರಿಟ್ಟಿದ್ದಾರೆ, ಕೊರಳಿಗೆ ರೇಡಿಯೊ ಕಾಲರ್ ತೊಡಿಸಿದ್ದಾರೆ, ರಾತ್ರಿ ಯಾರ ತೋಟದಲ್ಲಿತ್ತು, ಬೆಳಿಗ್ಗೆ ಯಾವ ರಸ್ತೆ ದಾಟೀತು ಅನ್ನುವುದು ಮೊಬೈಲಿಗೆ ಬರುತ್ತದೆ. ಹೈಕೋರ್ಟ್ ಆದೇಶದಂತೆ ರಚನೆಯಾದ ಆನೆ ಕಾರ್ಯಪಡೆಯಂತೂ 2012ರಲ್ಲಿ ವರದಿ ಕೊಟ್ಟು, ಆಲೂರು ಕಡೆಯ ಆನೆಗಳ ಚರಿತ್ರೆ ಜಾಲಾಡಿ, ಇವುಗಳನ್ನು ಹಿಡಿದು ಸಾಗಿಸುವುದೇ ಸರಿ ಎಂದಿತ್ತು.

ಹುಡುಗನಿಗೆ ಕಾಲರ್ ಇಲ್ಲ. ಹಾಗಾಗಿ ಅವನು ಎಲ್ಲೆಲ್ಲಿ ತಿರುಗಿದ, ಯಾರ ತೋಟಕ್ಕೆ ನುಗ್ಗಿದ ಎಂದು ತಿಳಿಯಲು ಠಾಣೆಯಿಂದ ಒಬ್ಬರು ಖುದ್ದಾಗಿ ಬರಬೇಕು. ಕಾಗದದಲ್ಲಿ ಇದನ್ನು ‘ನಡತೆ ಮತ್ತು ಪೂರ್ವಾಪರ ಪರಿಶೀಲನೆ’ ಎನ್ನುತ್ತಾರೆ. ಊರಲ್ಲಿ ಎಲ್ಲರ ಬಾಯಲ್ಲೂ ವೆರಿಫಿಕೇಶನ್ನೇ.

ನಮ್ಮೂರ ಹುಡುಗನೊಬ್ಬ ಕಾನ್‌ಸ್ಟೆಬಲ್ ಹುದ್ದೆಗೆ ಆಯ್ಕೆಯಾದಾಗ, ಅಲ್ಲಿಯತನಕದ ಯಾವ ಪರೀಕ್ಷೆಗೂ ಅವನು ಬೆವರಿರಲಿಲ್ಲ. 168 ಸೆಂಟಿಮೀಟರ್ ಎತ್ತರ ಅಪ್ಪ ಅಮ್ಮ ಕೊಟ್ಟಿದ್ದರು. 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಓಡಬೇಕೆಂಬುದು ಬಯಲುಸೀಮೆಯವರಿಗೆ ಕಷ್ಟವಿರಬಹುದು. ಕಾಫಿ ತೋಟದ ತಿರುವಿನಲ್ಲಿ ಒಂಟಿ ಸಲಗ ಎದುರಾದವನಿಗೆ ಅಷ್ಟು ಹೊತ್ತು ಯಾಕೆ ಬೇಕು? ಲಿಖಿತ ಪರೀಕ್ಷೆಯನ್ನೂ ಮೊದಲ ಸಲಕ್ಕೇ ದಾಟಿಕೊಂಡ. ಅವನ ಕಾಲು ನಡುಗಿದ್ದು ನಮೂನೆ ತುಂಬಲು ಕೂತಾಗ. ಎಂದಾದರೂ ಬಂಧಿತರಾಗಿದ್ದೀರಾ? ಮೊಕದ್ದಮೆ ಹೂಡಲಾಗಿದೆಯೇ? ಮುಚ್ಚಳಿಕೆ ಬರೆಸಿಕೊಳ್ಳಲಾಗಿದೆಯೇ? ದಂಡ ವಿಧಿಸಲಾಗಿದೆಯೇ? ಪ್ರತಿಯೊಂದರ ಮುಂದೆಯೂ ಹೌದು ಅಥವಾ ಇಲ್ಲ. ‘ಸ್ವಲ್ಪ’ ಅಂತ ಬರೆಯಲು ಜಾಗವೇ ಇಲ್ಲ.

ಅವನದು ‘ಸ್ವಲ್ಪ’ದ ಬಾಬತ್ತು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಘಾಟಿ ಇಳಿಯುವ ರೈಲು ಹಾದಿಯಲ್ಲಿ 57 ಸುರಂಗಗಳಿವೆ. ಆ ಹಳಿಗಳ ಮೇಲೆ ಚಾರಣ ಹೊರಡುವುದು ಬೆಂಗಳೂರಿನವರಿಗೆ ಸಾಹಸ, ರೈಲ್ವೆ ಕಾಯ್ದೆಯ 147ನೇ ಕಲಮಿಗೆ ಅತಿಕ್ರಮ ಪ್ರವೇಶ. ಕಾಲೇಜಿನಲ್ಲಿದ್ದಾಗ ಬೆಂಗಳೂರಿನ ಗೆಳೆಯರಿಗೆ ದಾರಿ ತೋರಿಸಲು ಹೋದ ನಮ್ಮ ಹುಡುಗ, ಎಡಕುಮೇರಿ ಹತ್ತಿರ ಅವರ ಜೊತೆಗೇ ಸಿಕ್ಕಿಬಿದ್ದು ದಂಡ ಕಟ್ಟಿ ಬಂದಿದ್ದ. ಅದನ್ನು ಬರೆಯಬೇಕೋ ಬೇಡವೋ?

ಅಂಗಡಿಯ ಜಗಲಿಯಲ್ಲಿ ಎರಡು ಪಕ್ಷಗಳಾದವು. ಬರೀಬೇಡ ಪಕ್ಷದವರ ವಾದ ಹೀಗಿತ್ತು: 2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆದು, ಅಕ್ರಮ ಬಯಲಾಗಿ, ಮುಂದಿನ ಏಪ್ರಿಲಿನಲ್ಲಿ ಸರ್ಕಾರ ಇಡೀ ಪರೀಕ್ಷೆಯನ್ನೇ ರದ್ದು ಮಾಡಲಿಲ್ಲವೇ? ನೇಮಕಾತಿ ವಿಭಾಗ ನೋಡಿಕೊಳ್ಳುತ್ತಿದ್ದ ಎಡಿಜಿಪಿಯವರನ್ನೇ ಆ ಜುಲೈನಲ್ಲಿ ಸಿಐಡಿಯವರು ಬಂಧಿಸಲಿಲ್ಲವೇ? ಅಂಥದ್ದೆಲ್ಲ ನಡೆದ ಕಡೆ ನೀನು ಹಳಿ ಮೇಲೆ ನಡೆದದ್ದನ್ನು ಯಾರು ಕೇಳ್ತಾರೆ? ಬರಿ ಪಕ್ಷದವರ ವಾದವೂ ಅದೇ: ಅಂಥವರೇ ಸಿಕ್ಕಿಬಿದ್ದರು, ನೀನು ಯಾವ ಲೆಕ್ಕ?

ಕಡೆಗೆ ಕೋರ್ಟಿನಲ್ಲಿ ಓಡಾಡುವ ವಕೀಲರೊಬ್ಬರನ್ನು ಕೇಳಿದರು. ಅವರು ಹೇಳಿದ್ದನ್ನು ಕೇಳಿ ಊರಿಗೆ ಊರೇ ಬೆರಗಾಯಿತು. ಅವತಾರ್ ಸಿಂಗ್ ಎಂಬವರ ಪ್ರಕರಣದಲ್ಲಿ 2016ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದಕ್ಕೊಂದು ದಾರಿ ಹಾಕಿಕೊಟ್ಟಿದೆಯಂತೆ. ಕೇಳಿದ್ದಕ್ಕೆ ನಿಜ ಹೇಳಬೇಕು, ಮುಚ್ಚಿಡಬಾರದು. ಎಳೆವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಚಿಲ್ಲರೆ ಪ್ರಕರಣವಾದರೆ ಇಲಾಖೆ ತನ್ನ ವಿವೇಚನೆಯಿಂದ ಅದನ್ನು ಬದಿಗಿಡಬಹುದು. ಅದಕ್ಕೂ ಮೊದಲು, 2011ರಲ್ಲಿ, ದೆಹಲಿ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ್ದ ಸಂದೀಪ್ ಕುಮಾರ್ ಎಂಬ ಯುವಕ ಹಳೆಯ ಹೊಡೆದಾಟದ ಕೇಸೊಂದನ್ನು ಅರ್ಜಿಯಲ್ಲಿ ಬರೆಯದೆ ಬಿಟ್ಟಿದ್ದಾಗಲೂ ಅದೇ ಕೋರ್ಟು ಅವನ ಕೈಬಿಡಲಿಲ್ಲ. ಹುಡುಗುಬುದ್ಧಿಗೆ ಇಡೀ ಬಾಳು ಬೆಲೆ ತೆರಬಾರದು ಎಂಬುದಕ್ಕೆ ವಿಕ್ಟರ್ ಹ್ಯೂಗೋ ಕಾದಂಬರಿಯ ಜಾನ್ ವಾಲ್ಜಾನ್‌ನನ್ನೂ, ತಮ್ಮ ಭಾಷೆಯ ಪರವಾಗಿ ಲಂಡನ್ನಿನ ಕೋರ್ಟಿನೊಳಗೇ ನುಗ್ಗಿ ಹಾಡು ಹೇಳಿದ್ದ ವೇಲ್ಸಿನ ವಿದ್ಯಾರ್ಥಿಗಳನ್ನೂ ತೀರ್ಪಿನಲ್ಲಿ ನೆನೆದಿದ್ದಾರೆ.

ವಾಲ್ಜಾನ್ ಕದ್ದದ್ದು ಒಂದು ರೊಟ್ಟಿ ಎಂದು ಕೇಳಿದ್ದೇ ನಮ್ಮ ಹುಡುಗನ ಅಂತರಂಗ ಕದಡಿಹೋಯಿತು. ರಾತ್ರಿಯೆಲ್ಲ ಕೂತು ರೈಲ್ವೆ ದಂಡದ ಜೊತೆಗೆ ಏಳನೇ ಕ್ಲಾಸಿನಲ್ಲಿ ಎಸ್ಟೇಟಿನಿಂದ ಕದ್ದ ಕಿತ್ತಳೆ, ಸುಗ್ಗಿಯಲ್ಲಿ ಪಕ್ಕದೂರಿನವನ ಪಂಚೆ ಎಳೆದದ್ದು, ಹೊಳೆಯಲ್ಲಿ ಬೇರೆಯವರು ಹಾಕಿದ್ದ ಗಾಳ ಎತ್ತಿದ್ದು ಎಲ್ಲವನ್ನೂ ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಿದ. ಬೆಳಿಗ್ಗೆ ಅದನ್ನು ನೋಡಿದ ನಿವೃತ್ತ ದಫೇದಾರರು ಕನ್ನಡಕ ತೆಗೆದು ಒರೆಸಿಕೊಂಡು, “ಏನ್ಲಾ ಇದು, ಆತ್ಮಕಥೆನಾ? ಕೇಸಿದ್ರೆ ಬರಿ ಅಂದ್ರು, ಪಾಪ ಇದ್ರೆ ಬರಿ ಅಂದ್ರಾ?” ಎಂದು ಹಾಳೆ ಹರಿದು, ರೈಲ್ವೆ ದಂಡವೊಂದನ್ನೇ ಉಳಿಸಿದರು.

ಹುಡುಗನ ಪೂರ್ವಾಪರ ಮುಗಿಯಿತು ಅನ್ನುವಷ್ಟರಲ್ಲಿ ಊರಿನದು ಶುರುವಾಯಿತು. ಅಭ್ಯರ್ಥಿಯನ್ನು ಬಲ್ಲ ಇಬ್ಬರು ಗಣ್ಯ ವ್ಯಕ್ತಿಗಳ ಹೆಸರು ಬೇಕು. ತಮ್ಮ ಮೇಲೇ ಕೇಸಿರುವ ಗಣ್ಯರು ಬೇಡವೆಂದು ದಫೇದಾರರ ತಾಕೀತು. ಹುಡುಕಲು ಹೊರಟಾಗ ತಿಳಿಯಿತು, ನಮ್ಮೂರಲ್ಲಿ ಗಣ್ಯರಿಗೇನೂ ಬರವಿಲ್ಲ, ಬರವಿರುವುದು ಕೇಸಿಲ್ಲದವರಿಗೆ. ಮಾಜಿ ಪಂಚಾಯಿತಿ ಸದಸ್ಯರು ಯುಗಾದಿ ದಿನ ಮರದಡಿ ಇಸ್ಪೀಟಿಗೆ ಕೂತು ಪೊಲೀಸ್ ಕಾಯ್ದೆಯ 87ಕ್ಕೆ ದಂಡ ಕಟ್ಟಿದವರು. ದೊಡ್ಡ ತೋಟದವರ ಮೇಲೆ ಹಂದಿ ಶಿಕಾರಿಯ ಗುಮಾನಿ. ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸೇ ಬೇಡ. ಗಡಿಯ ಈಚೆ ನಾವು ಲೈಸೆನ್ಸ್ ಇದ್ದರೂ ಚುನಾವಣೆ ಬಂತೆಂದರೆ ಕೋವಿ ಹೊತ್ತು ಠಾಣೆಗೆ ನಡೆಯಬೇಕು. ಈ ತೋಟದವರು ಒಮ್ಮೆ ತಡಮಾಡಿ ವಿವರಣೆ ಬರೆದುಕೊಟ್ಟು ಬಂದಿದ್ದರು. ಇನ್ನು ಬೇಲಿ ಜಗಳವಿಲ್ಲದ ಮನೆ ಯಾವುದು? ಬೇಲಿ ಇದ್ದಲ್ಲಿ ನೂರಾ ಏಳನೇ ಕಲಮಿನ ಕೇಸು, ನೂರಾ ಏಳು ಇದ್ದಲ್ಲಿ ತಹಶೀಲ್ದಾರರ ಮುಂದೆ ಮುಚ್ಚಳಿಕೆ. 2024ರ ಜುಲೈನಿಂದ ಹೊಸ ಸಂಹಿತೆಯಲ್ಲಿ ಅದು 126 ಆಗಿದೆ. ನಮ್ಮೂರಲ್ಲಿ ಮಾತ್ರ ಇನ್ನೂ ನೂರಾ ಏಳೇ ಚಾಲ್ತಿ.

ಸೋಸುತ್ತಾ ಸೋಸುತ್ತಾ ಉಳಿದವರು ಇಬ್ಬರು. ಒಬ್ಬರು ದೇವಸ್ಥಾನದ ಅರ್ಚಕರು. ಇನ್ನೊಬ್ಬ ನಾನು. ನನ್ನ ಸಚ್ಚಾರಿತ್ರ್ಯದಲ್ಲಿ ನನ್ನ ಸಾಧನೆ ಏನೂ ಇಲ್ಲ. ಇಸ್ಪೀಟಿನಲ್ಲಿ ಆಟೀನು–ಕಳಾವರ್ ವ್ಯತ್ಯಾಸ ತಿಳಿಯದು, ಕೋವಿ ಇಲ್ಲ, ಯಾರಾದರೂ ಒತ್ತುವರಿ ಮಾಡೋಣ ಅನ್ನುವಷ್ಟು ಜಮೀನೂ ಇಲ್ಲ. ಕೈಲಾಗದವರನ್ನೇ ಸರ್ಕಾರ ಸಭ್ಯರೆನ್ನುತ್ತದೆ ಎಂದು ಅವತ್ತೇ ನನಗೆ ಗೊತ್ತಾದದ್ದು.

ವೆರಿಫಿಕೇಶನ್ನಿಗೆ ಹೆಡ್ ಕಾನ್‌ಸ್ಟೆಬಲ್ ಬಂದದ್ದು ಆಷಾಢದ ಮಳೆಯಲ್ಲಿ. ಬೈಕನ್ನು ರಸ್ತೆಯಲ್ಲೇ ಬಿಟ್ಟು ತೋಟದೊಳಗೆ ನಡೆದು ಬಂದವರ ಕಾಲುಚೀಲದ ಮೇಲ್ಗಡೆ ಇಂಬಳ ಕಚ್ಚಿ ಉಬ್ಬಿಕೊಂಡಿತ್ತು. ಹುಡುಗನ ಅಜ್ಜಿ ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಉಗುರ ತುದಿಯಲ್ಲಿ ಒಂದಿಷ್ಟು ಸುಣ್ಣ ಎತ್ತಿಕೊಂಡು ಇಂಬಳದ ಮೇಲೆ ಸವರಿದರು. ಅದು ಸುರುಟಿ ಉದುರಿತು. ಅಷ್ಟು ಹೊತ್ತಿಗೆ ಸಾಕ್ಷಿಯೂ ಆರಂಭವಾಗಿತ್ತು.

“ಹುಡುಗ ಹೆಂಗಜ್ಜಿ?”

“ಬಂಗಾರ ಕಣಪ್ಪ. ಬೀಡಿ ಸಿಗರೇಟು ಮುಟ್ಟಲ್ಲ. ಒಂದೇ ಒಂದು ಸಲ ಅವರ ತಾತನ ಬೀಡಿ ಕದ್ದು ಸೇದಿ, ಕೆಮ್ಮಿ ಕೆಮ್ಮಿ ಬಿದ್ದಿದ್ದ.”

“ಜಗಳ ಗಿಗಳ?”

“ಅಯ್ಯೋ, ಯಾರ ತಂಟೆಗೂ ಹೋಗನು. ಒಂದೇ ಒಂದು ಸಲ ಮೇಷ್ಟ್ರ ಸೈಕಲ್ಲಿನ ಗಾಳಿ ಬಿಟ್ಟ. ಅದೂ ಆ ಮೇಷ್ಟ್ರೂ ಹಂಗೇ ಇದ್ದ.”

“ಕುಡಿತ?”

ಅಜ್ಜಿ ‘ಒಂದೇ ಒಂದು’ ಎನ್ನುವಷ್ಟರಲ್ಲಿ ಹುಡುಗನ ಅಮ್ಮ ಕಾಫಿ ಲೋಟ ತಂದು ನಡುವೆ ಇಟ್ಟರು. ಹೆಡ್ ಕಾನ್‌ಸ್ಟೆಬಲ್ ನಗು ತಡೆದುಕೊಂಡು ‘ದುಶ್ಚಟಗಳಿಲ್ಲ’ ಎಂದು ಬರೆದುಕೊಂಡದ್ದು ನನಗೆ ಪಕ್ಕದಿಂದ ಕಂಡಿತು.

ನಿಜವಾದ ಭಯ ಬೇಲಿಯಾಚೆಯ ಗೌಡರದ್ದು. ಹುಡುಗನ ಅಪ್ಪನಿಗೂ ಅವರಿಗೂ ಮಾತು ನಿಂತು ಬಹಳ ಕಾಲವಾಗಿತ್ತು. ಅಂಥವರ ಮನೆಗೇ ಹೆಡ್ ಕಾನ್‌ಸ್ಟೆಬಲ್ ನೆಟ್ಟಗೆ ನಡೆದರು, ಗಣ್ಯನೆಂಬ ಕಾರಣಕ್ಕೆ ನಾನೂ ಹಿಂದೆ ಹೋದೆ. ಗೌಡರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, “ನಮಗೂ ಅವರಪ್ಪಂಗೂ ಆಗಿಬರಲ್ಲ ಸಾರ್. ಆದ್ರೆ ಹುಡುಗ ಅಪ್ಪಟ ಚಿನ್ನ. ಮೊದ್ಲು ಅವನಿಗೆ ಕೆಲಸ ಕೊಡಿ” ಎಂದುಬಿಟ್ಟರು. ನಾನು ಕಣ್ಣೊರೆಸಿಕೊಳ್ಳುವುದೊಂದು ಬಾಕಿ. ಹೆಡ್ ಕಾನ್‌ಸ್ಟೆಬಲ್ ಅಂಗಳ ದಾಟಿದ ಮೇಲೆ ಗೌಡರು ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. “ಬೆಂಗಳೂರು ಸಿಟಿಗೆ ಅರ್ಜಿ ಹಾಕಿದಾನಂತೆ. ಆ ಮನೇಲಿ ಸರ್ವೆ ನಕ್ಷೆ ಓದೋಕೆ ಬರೋದು ಅವನೊಬ್ಬಂಗೆ. ಹೋಗ್ಲಿ ಮಾರಾಯ, ಬೇಗ ಹೋಗ್ಲಿ.”

ಹೀಗೆ ಹಿತೈಷಿಗಳು ಹಿತದಿಂದಲೂ ವೈರಿಗಳು ವೈರದಿಂದಲೂ ಹುಡುಗನಿಗೆ ಒಳ್ಳೆಯ ಸರ್ಟಿಫಿಕೇಟು ಕೊಟ್ಟರು. ಹಳಿ ಮೇಲೆ ನಡೆದ ಪ್ರಕರಣ ಕಡತದಲ್ಲೇ ಇತ್ತು, ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಆದೇಶ ಬಂತು, ಹುಡುಗ ತರಬೇತಿಗೆ ಹೊರಟ.

ಪರಿಣಾಮ ಮಾತ್ರ ಊರಿಗೆ ಅಂಟಿಕೊಂಡಿತು. ಈಗ ಮನೆಗೊಬ್ಬ ಪಿಸಿ ಪರೀಕ್ಷೆಗೆ ಓದುತ್ತಿದ್ದಾನೆ. ಓದುವುದೆಷ್ಟೋ ಕಾಣೆ, ಕೈ ಎತ್ತುವುದಂತೂ ನಿಂತಿದೆ. ಯುಗಾದಿ ಇಸ್ಪೀಟಿಗೆ ಹುಡುಗರು ಸುಳಿಯುವುದಿಲ್ಲ, ಆಡುವ ಹಿರಿಯರೂ ಇವರಿಗೆ ಹೆದರಿ ಮರದಡಿಯಿಂದ ಮನೆಯೊಳಕ್ಕೆ ಜರುಗಿದ್ದಾರೆ. ಈಚಿನ ಸುಗ್ಗಿಯಲ್ಲಿ ಪಕ್ಕದೂರಿನವರ ಜೊತೆ ಮಾತಿಗೆ ಮಾತು ಬೆಳೆದು ಎರಡು ಕಡೆಯವರೂ ಅಂಗಿ ಹಿಡಿದುಕೊಂಡಿದ್ದರು. ಹಿಂದೆಯಾದರೆ ಅಲ್ಲಿಂದ ಆಸ್ಪತ್ರೆ, ಠಾಣೆ, ತಾಲ್ಲೂಕು ಕಚೇರಿ ಎಂದು ಮೆರವಣಿಗೆ ಹೊರಡುತ್ತಿತ್ತು. ಯಾರೋ ಹಿಂದಿನಿಂದ “ವೆರಿಫಿಕೇಶನ್ ಕಣ್ರೋ!” ಎಂದು ಕೂಗಿದರು. ಎರಡೂ ಕಡೆಯವರು ಅಂಗಿ ಬಿಟ್ಟು, ಮುದುರಿದ ಕಾಲರನ್ನು ಪರಸ್ಪರ ಸರಿಮಾಡಿ, ದೂರ ನಿಂತರು. ನಮ್ಮೂರಿನ ಶಾಂತಿ ಸುವ್ಯವಸ್ಥೆಯನ್ನು ಈಗ ಕಾಯುತ್ತಿರುವುದು ಪೊಲೀಸರಾದವರಲ್ಲ, ಪೊಲೀಸರಾಗಬೇಕೆಂದು ಕಾದಿರುವವರು.

ಅಜ್ಜಿಗೆ ಇದರ ಗುಟ್ಟು ಎಲ್ಲರಿಗಿಂತ ಮೊದಲು ಹೊಳೆದಿತ್ತು. ಮೊನ್ನೆ ಎರಡನೇ ಮೊಮ್ಮಗ ಪರೀಕ್ಷೆಯಲ್ಲಿ ಫೇಲಾದನೆಂದು ಅವನ ಅಮ್ಮ ಗೋಳಾಡುತ್ತಿದ್ದರೆ, ಅಜ್ಜಿ ಅಡಿಕೆ ಕತ್ತರಿಸುತ್ತಾ ಸಮಾಧಾನ ಹೇಳಿದರು: “ಸುಮ್ನಿರೇ. ಕೆಲಸ ಸಿಗೋದು ದೇವರಿಗೆ ಬಿಟ್ಟದ್ದು. ವಯಸ್ಸು ಮೀರೋತನಕ ಅರ್ಜಿ ಹಾಕಿಸ್ತಾ ಇರು.”