ಒಳಗೆ ಬನ್ನಿ ಅಕ್ಕ, ಟಿಕೆಟ್ಟಿಲ್ಲ

ನಿನ್ನೆ ರಾತ್ರಿ ಒಂಬತ್ತಾದ ಮೇಲೆ ಗೇಟಿನ ಸದ್ದಾಯ್ತು, ಯಾರ ಮನೆ ಆರತಕ್ಷತೆ ಅಂತ ಕೇಳಿದ್ರಲ್ಲ ಅಕ್ಕ. ಯಾರ ಮನೆ ಸಮಾರಂಭವೂ ಇರಲಿಲ್ಲ. ಚಿತ್ರ ನೋಡೋಕೆ ಹೋಗಿದ್ದೆ. ಶನಿವಾರ ಸಂಜೆ ಬಂತು ಅಂದ್ರೆ ನಮ್ಮ ಬೆಂಗಳೂರಲ್ಲಿ ಅಲ್ಲೊಂದು ಇಲ್ಲೊಂದು ಚಿತ್ರಕಲಾ ಪ್ರದರ್ಶನ ಶುರುವಾಗ್ತಾನೇ ಇರುತ್ತೆ. ಒಂದರಿಂದ ಒಂದಕ್ಕೆ ಅಂತ ಸುತ್ತಿ ಬಂದೆ. "ನಮ್ಮಂಥೋರಿಗೆ ಅಲ್ಲೇನಮ್ಮ ಕೆಲಸ?" ಅಂದುಬಿಟ್ರಿ ನೋಡಿ, ಅದಕ್ಕೆ ಉತ್ತರ ಹೇಳದೆ ಒಳಗೆ ಹೋಗೋಕೆ ನನಗೆ ಮನಸ್ಸಿಲ್ಲ. ಒಲೆ ಮೇಲೆ ಏನೂ ಇಟ್ಟಿಲ್ಲ ತಾನೇ? ಹಾಗಾದ್ರೆ ಕೇಳಿ.

ಮೊದಲು ಹೋಗಿದ್ದು ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ. 1960ರಲ್ಲಿ ಶುರುವಾದ ಸಂಸ್ಥೆ ಅದು. ಎಂ.ಎಸ್. ನಂಜುಂಡರಾವ್ ಅವರು ಜೀವ ತೇದು ಕಟ್ಟಿದರು. ನಮ್ಮ ಹಳ್ಳಿಗಳ ತೊಗಲುಗೊಂಬೆ, ಮೈಸೂರು ಶೈಲಿಯ ಹಳೇ ಚಿತ್ರ, ಎಲ್ಲ ಅಲ್ಲಿ ಜೋಪಾನವಾಗಿದೆ. ನಟಿ ದೇವಿಕಾರಾಣಿಯವರ ಯಜಮಾನರು ರೋರಿಚ್ ಇದ್ದರಲ್ಲ, ತಾತಗುಣಿ ಎಸ್ಟೇಟಿನವರು, ಅವರ ಚಿತ್ರಗಳಿಗೂ ಒಂದು ಜಾಗ ಇದೆ. ಆ ಮ್ಯೂಸಿಯಂ ಭಾಗಕ್ಕೆ ಟಿಕೆಟ್ ಕೊಡಬೇಕು, ನಿಜ. ಆದರೆ ಕಲಾವಿದರು ಬಾಡಿಗೆಗೆ ಹಿಡಿದು ಪ್ರದರ್ಶನ ಇಡೋ ಗ್ಯಾಲರಿಗಳಿಗೆ ಬಿಡಿಗಾಸೂ ಕೊಡಬೇಕಿಲ್ಲ. ಬಾಗಿಲು ತೆರೆದೇ ಇರುತ್ತೆ.

ಜನವರಿಯಲ್ಲಿ ಒಂದು ಭಾನುವಾರ ಅದೇ ರಸ್ತೆಯಲ್ಲಿ ಚಿತ್ರಸಂತೆ ಆಗುತ್ತಲ್ಲ, ಅದಕ್ಕೆ ನೀವೂ ಮೊಮ್ಮಕ್ಕಳನ್ನ ಕರಕೊಂಡು ಹೋಗಿದ್ರಿ. ಗಾಡಿಗಳನ್ನೆಲ್ಲ ತಡೆದು, ರಸ್ತೆಯ ಎರಡೂ ಬದಿ ಕಲಾವಿದರು ಕೂತು, ಕಾಲಿಡೋಕೆ ಜಾಗ ಇರಲ್ಲ. ಅವತ್ತು ಯಾರಿಗೂ ಸಂಕೋಚ ಇಲ್ಲ. ಬೆಲೆ ಕೇಳ್ತಾರೆ, ಚೌಕಾಸಿ ಮಾಡ್ತಾರೆ, ಪಕ್ಕ ನಿಂತು ತಮ್ಮ ಮುಖ ಬರೆಸಿಕೊಳ್ತಾರೆ. ಮಾರನೇ ವಾರ ಅದೇ ಕಟ್ಟಡದೊಳಗೆ ಅಂಥದ್ದೇ ಚಿತ್ರಗಳು ತೂಗುತ್ತಿದ್ದರೂ ಅದೇ ಜನ ಮೆಟ್ಟಿಲು ಹತ್ತಲ್ಲ. ಬೀದಿಯಲ್ಲಿದ್ದಾಗ ನಮ್ಮದು ಅನ್ನಿಸಿದ್ದು, ಗೋಡೆ ಎದ್ದ ಕೂಡಲೇ ಬೇರೆ ಯಾರದೋ ಅನ್ನಿಸಿಬಿಡುತ್ತೆ. ನನಗೆ ಸಂಕಟ ಆಗೋದು ಇಲ್ಲೇ ಅಕ್ಕ.

ನಿನ್ನೆ ಅಲ್ಲಿ ಕಲಬುರಗಿ ಕಡೆಯ ಹುಡುಗನೊಬ್ಬನ ಪ್ರದರ್ಶನ. ದೀಪ ಹಚ್ಚಿದರು, ಹಿರಿಯರೊಬ್ಬರು ನಾಲ್ಕು ಮಾತಾಡಿದರು, ಆಮೇಲೆ ಟೀ ಬಿಸ್ಕತ್ತು. ಹುಡುಗ ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಒಂದು ಮೂಲೆಯಲ್ಲಿ ನಿಂತಿದ್ದ. ಎಲ್ಲರ ಮುಖವನ್ನೂ ನೋಡ್ತಾನೆ, ತನ್ನ ಚಿತ್ರದ ಕಡೆ ಮಾತ್ರ ತಿರುಗಲ್ಲ. ಬಿಸಿಲಿಗೆ ಬಿರಿದ ಹೊಲ, ತೊಗರಿ ಒಣಹಾಕಿದ ಅಂಗಳ, ಇವೇ ಅವನ ಚಿತ್ರ. ಹತ್ತಿರ ಹೋಗಿ ಆ ಕೆಂಪು ಬಣ್ಣ ಹ್ಯಾಗೆ ಬಂತು ಅಂತ ಕೇಳಿದೆ. ಅಷ್ಟೇ ನೋಡಿ, ಮುಖ ಅರಳಿತು. ಊರಿನ ಮಣ್ಣನ್ನೇ ಜರಡಿ ಹಿಡಿದು ಅಂಟಿನ ಜತೆ ಕಲಸಿದ್ದೀನಿ ಅಂತ ಹೇಳೋಕೆ ಶುರು ಮಾಡಿದ. ಫ್ರೇಮು ಹಾಕಿಸಿದ್ದು, ಚಿತ್ರಗಳನ್ನ ಪ್ಯಾಕ್ ಮಾಡಿ ಬಸ್ಸಿನಲ್ಲಿ ತಂದಿದ್ದು, ಗ್ಯಾಲರಿಗೆ ದಿನದ ಬಾಡಿಗೆ, ಕಾರ್ಡು ಅಚ್ಚು ಹಾಕಿಸಿದ ಖರ್ಚು, ಎಲ್ಲ ಅವನ ಕೈಯಿಂದಲೇ. ಒಂದಾದರೂ ಮಾರಾಟವಾದರೆ ಅಸಲು ಹುಟ್ಟೀತು. ಆಗದಿದ್ದರೂ ನಾಲ್ಕು ಜನ ನಿಂತು ನೋಡಿದರಲ್ಲ ಅನ್ನೋ ಸಮಾಧಾನ ಬೇಕು. ಆ ನಾಲ್ಕು ಜನರಲ್ಲಿ ನಾವಿರಬಾರದೇ?

ಅರ್ಥವಾಗಲ್ಲ ಅಂತೀರಿ. ರೇಷ್ಮೆ ಸೀರೆ ಅಂಗಡಿಯಲ್ಲಿ ಕೂತಾಗ ಯಾರಾದರೂ ನಿಮಗೆ ಅರ್ಥ ಕೇಳ್ತಾರಾ ಅಕ್ಕ? ಈ ಅಂಚಿಗೆ ಈ ಒಡಲು ಒಪ್ಪಲ್ಲ, ಈ ನೀಲಿ ಕಣ್ಣಿಗೆ ಹೊಡೆಯುತ್ತೆ, ಇದನ್ನ ಬೆಳಕಿಗೆ ಹಿಡಿಯಪ್ಪಾ ಅಂತ ನೀವು ಹೇಳ್ತಾ ಹೋದರೆ ಅಂಗಡಿಯವನೇ ತಲೆಬಾಗ್ತಾನೆ. ಅದೇ ಕಣ್ಣು ಸಾಕು. ಒಂದು ಕೋಣೆಯಲ್ಲಿ ಇಪ್ಪತ್ತು ಚಿತ್ರ ಇದ್ದರೆ ಇಪ್ಪತ್ತನ್ನೂ ನೋಡಲೇಬೇಕು ಅಂತಿಲ್ಲ. ಒಂದು ಸುತ್ತು ಬನ್ನಿ, ಯಾವುದು ತಡೆದು ನಿಲ್ಲಿಸುತ್ತೋ ಅದರ ಮುಂದೆ ಐದು ನಿಮಿಷ ನಿಂತುಕೊಳ್ಳಿ. ಹತ್ತಿರ ಹೋಗಿ ಕುಂಚದ ಗೆರೆ ನೋಡಿ, ಹತ್ತು ಹೆಜ್ಜೆ ಹಿಂದೆ ಬಂದು ಇಡಿಯಾಗಿ ನೋಡಿ. ಮುಟ್ಟೋದೊಂದು ಬೇಡ.

ಅಲ್ಲಿಂದ ಆಟೋ ಹಿಡಿದು ಎಂ.ಜಿ. ರಸ್ತೆಗೆ. ಮೆಟ್ರೋ ನಿಲ್ದಾಣಕ್ಕೆ ಅಂಟಿಕೊಂಡೇ ರಂಗೋಲಿ ಕಲಾಕೇಂದ್ರ ಇದೆ, ನೀವು ಎಷ್ಟೋ ಸಲ ಅದರ ಪಕ್ಕದಲ್ಲೇ ನಡೆದುಹೋಗಿರ್ತೀರಿ. ಅಲ್ಲಿ ಮುದ್ರಣ ಕಲೆಯ ಕೆಲಸಗಳನ್ನ ಹಾಕಿದ್ದರು. ಮರದ ಹಲಗೆ ಕೆತ್ತಿ, ಇಲ್ಲಾಂದ್ರೆ ತಾಮ್ರದ ತಗಡನ್ನ ಆಮ್ಲದಲ್ಲಿ ಕೊರೆಸಿ, ಮಸಿ ಬಳಿದು ಕಾಗದದ ಮೇಲೆ ಒತ್ತೋದು. ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ 3/25 ಅಂತ ಬರೆದಿತ್ತು ಅನ್ನಿ, ಒಟ್ಟು 25 ಪ್ರತಿ ತೆಗೆದಿದ್ದಾರೆ, ಅದರಲ್ಲಿ ಇದು ಮೂರನೇದು ಅಂತ ಲೆಕ್ಕ. ಒಂದೊಂದನ್ನೂ ಕಲಾವಿದರೇ ಒತ್ತಿ, ನೋಡಿ, ಸಹಿ ಹಾಕಿರ್ತಾರೆ. ಪ್ರತಿಗಳು ಹೆಚ್ಚಿರೋದರಿಂದ ಬೆಲೆಯೂ ಕ್ಯಾನ್ವಾಸಿಗಿಂತ ಬಹಳ ಕಡಿಮೆ. ನಮ್ಮಂಥ ಮನೆಯ ಗೋಡೆಗೆ ಕಲಾವಿದರ ಕೈಯಿಂದ ಬಂದ ಒಂದು ಚಿತ್ರ ಬೇಕು ಅಂದರೆ ಇಲ್ಲಿಂದ ಶುರು ಮಾಡಬಹುದು.

ಕಬ್ಬನ್ ಪಾರ್ಕಿನ ಅಂಚು ಹಿಡಿದು ನಡೆದರೆ ಕಸ್ತೂರಬಾ ರಸ್ತೆ. ಸರ್ಕಾರಿ ಮ್ಯೂಸಿಯಂ ಪಕ್ಕದಲ್ಲೇ ವೆಂಕಟಪ್ಪ ಕಲಾಗ್ಯಾಲರಿ. ಕೆ. ವೆಂಕಟಪ್ಪ ಅಂದರೆ ಮೈಸೂರು ಅರಮನೆಯ ಚಿತ್ರಕಾರರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದವರು. ಊಟಿ, ಕೊಡೈಕೆನಾಲಿನ ಮಂಜು, ಕೆರೆ, ಬೆಳದಿಂಗಳನ್ನ ಜಲವರ್ಣದಲ್ಲಿ ಹಿಡಿದವರು. ವೀಣೆಯನ್ನೂ ಅಷ್ಟೇ ನಿಷ್ಠೆಯಿಂದ ಸಾಧಿಸಿದರು. 1965ರಲ್ಲಿ ತೀರಿಕೊಂಡರು. ಅವರ ಹೆಸರಿನ ಈ ಗ್ಯಾಲರಿಯಲ್ಲಿ ಕಡಿಮೆ ಬಾಡಿಗೆಗೆ ತಮ್ಮ ಮೊದಲ ಪ್ರದರ್ಶನ ಇಟ್ಟು ಮೇಲೆ ಬಂದ ಕಲಾವಿದರು ನಮ್ಮ ನಾಡಿನಲ್ಲಿ ಬಹಳ ಮಂದಿ. 2016ರಲ್ಲಿ ಇದನ್ನ ಖಾಸಗಿ ಪ್ರತಿಷ್ಠಾನವೊಂದರ ಕೈಗೆ ಕೊಡೋ ಮಾತು ಬಂದಾಗ ಕಲಾವಿದರು ಸುಮ್ಮನಿರಲಿಲ್ಲ. ಗ್ಯಾಲರಿ ಮುಂದೆ ಸೇರಿದರು, ಹಾಡಿದರು, ಅಲ್ಲೇ ಕೂತು ಚಿತ್ರ ಬರೆದರು. ಕೊನೆಗೆ ಗ್ಯಾಲರಿ ಸಾರ್ವಜನಿಕರದ್ದಾಗೇ ಉಳಿಯಿತು. ಅದೇ ರಸ್ತೆಯಲ್ಲಿ 2023ರಲ್ಲಿ ಮ್ಯಾಪ್ ಅನ್ನೋ ಖಾಸಗಿ ವಸ್ತುಸಂಗ್ರಹಾಲಯ ತನ್ನದೇ ಹೊಸ ಕಟ್ಟಡದಲ್ಲಿ ಬಾಗಿಲು ತೆರೆಯಿತು. ಹೊರಗೆಲ್ಲ ಉಕ್ಕಿನ ಹೊದಿಕೆ, ಒಳಗೆ ಚಿತ್ರ, ಫೋಟೋ, ಬಟ್ಟೆ, ಹಳೇ ಸಿನಿಮಾ ಪೋಸ್ಟರ್ ಎಲ್ಲ ಇದೆ. ಊರಿಗೆ ಎರಡೂ ಇರಲಿ ಅಂತೀನಿ ನಾನು. ಆದರೆ ಸಾರ್ವಜನಿಕರದ್ದು ಅಂತ ಉಳಿಸಿಕೊಂಡ ಮೇಲೆ ಸಾರ್ವಜನಿಕರು ಹೋಗಬೇಕಲ್ಲ ಅಕ್ಕ!

ಅಲ್ಲಿಂದ ಶಾಂತಿನಗರ. ಶಾಂತಿ ರಸ್ತೆಯ ಒಂದನೇ ನಂಬರಿನ ಮನೆಯನ್ನೇ ಕಲಾವಿದರ ತಾಣ ಮಾಡಿದ್ದಾರೆ ಸುರೇಶ್ ಜಯರಾಂ. ಅವರು ಸ್ವತಃ ಕಲಾವಿದರು, ಕಲೆಯ ಇತಿಹಾಸ ಬಲ್ಲವರು. 2003ರಿಂದ ನಡೆಸಿಕೊಂಡು ಬಂದಿದ್ದಾರೆ. ದೇಶ ವಿದೇಶದ ಕಲಾವಿದರು ಬಂದು ಅಲ್ಲೇ ಉಳಿದು, ಅಡುಗೆ ಮಾಡಿಕೊಂಡು, ಕೆಲಸ ಮಾಡಿ, ಅಲ್ಲೇ ತೋರಿಸ್ತಾರೆ. ಅಲ್ಲಿ ಗೋಡೆಗೆ ಹಾಕೋ ಚಿತ್ರವೇ ಇರಬೇಕು ಅಂತಿಲ್ಲ. ನಿನ್ನೆ ನೆಲದ ಮೇಲೆ ಹಗ್ಗ, ಮಡಕೆ ಚೂರು, ಒಂದು ಕಡೆ ವಿಡಿಯೋ.

ಇದೂ ಒಂದು ಕಲೆಯಾ ಅಂತ ನೀವು ಹುಬ್ಬು ಹಾರಿಸೋದು ಇಲ್ಲಿಂದಲೇ ಕಾಣ್ತಿದೆ. ಷೀಲಾ ಗೌಡ ಅವರ ವಿಷಯ ಹೇಳ್ತೀನಿ ಕೇಳಿ. ಭದ್ರಾವತಿಯಲ್ಲಿ ಹುಟ್ಟಿದವರು, ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಆರ್.ಎಂ. ಹಡಪದ್ ಮೇಷ್ಟ್ರ ಹತ್ತಿರ ಕಲಿತವರು. ಮೊದಲು ಎಣ್ಣೆಬಣ್ಣದಲ್ಲೇ ಬರೀತಿದ್ದರು. 1992ರ ಕೊನೆಯಲ್ಲಿ ದೇಶದ ತುಂಬ ಗಲಭೆಯಾಗಿ ರಕ್ತ ಹರಿದ ಮೇಲೆ ಸಗಣಿ ಕೈಗೆತ್ತಿಕೊಂಡರು. ಅಂಗಳ ಸಾರಿಸೋದು, ಬೆರಣಿ ತಟ್ಟೋದು, ಅದರ ಪಾವಿತ್ರ್ಯ, ಅದರ ಸುತ್ತಲಿನ ರಾಜಕೀಯ, ಹೆಂಗಸರ ದುಡಿಮೆ, ಎಲ್ಲ ಅದರೊಳಗೇ ಬಂತು. ಆಮೇಲೆ ಮಾರುದ್ದದ ದಾರಗಳನ್ನ ಸೂಜಿ ಕಣ್ಣುಗಳಲ್ಲಿ ಪೋಣಿಸಿ, ಒಟ್ಟಿಗೆ ಸೇರಿಸಿ, ಕುಂಕುಮ ಹಚ್ಚಿ ಹಗ್ಗದ ಹಾಗೆ ಇಳಿಬಿಟ್ಟರು. ನಮ್ಮ ಲಾರಿ ಕಾರುಗಳ ಬಂಪರಿಗೆ ದೃಷ್ಟಿ ತಾಗದಿರಲಿ ಅಂತ ಕೂದಲಿನ ಹಗ್ಗ ಕಟ್ತಾರಲ್ಲ, ಅಂಥ ಹಗ್ಗ ಸುಮಾರು 4 ಕಿಲೋಮೀಟರಿನಷ್ಟು ತಗೊಂಡು, ಬಂಪರುಗಳನ್ನ ಅದರಿಂದಲೇ ಗೋಡೆಗೆ ತೂಗುಹಾಕಿದ ಕೆಲಸವನ್ನ 2009ರಲ್ಲಿ ವೆನಿಸ್ಸಿನ ದೊಡ್ಡ ಕಲಾಮೇಳದಲ್ಲಿ ಇಟ್ಟರು. ಸಿಗ್ನಲ್ಲಿನಲ್ಲಿ ನಿಂತಾಗ ಆ ಹಗ್ಗ ನಾವೆಲ್ಲ ಕಂಡಿದ್ದೀವಿ. ಅಂಥದ್ದೊಂದು ದಾರದ ಮೇಲೆ ಟನ್ನುಗಟ್ಟಲೆ ಗಾಡಿಯ ಧೈರ್ಯ ನಿಂತಿದೆ ಅಂತ ನಮಗೆ ತೋರಿಸಿದ್ದು ಅವರು. ಹಗ್ಗ, ಮಡಕೆ ಚೂರು ಕಂಡಾಗ ಮುಖ ತಿರುಗಿಸದೆ, ಇದು ಯಾಕೆ ಇಲ್ಲಿದೆ ಅಂತ ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು.

ಕೊನೆಗೆ ಪಕ್ಕದ ವಿಲ್ಸನ್ ಗಾರ್ಡನ್ನಿನ ಸುಮುಖ ಗ್ಯಾಲರಿ. 1996ರಿಂದ ನಡೀತಿರೋ ಖಾಸಗಿ ಗ್ಯಾಲರಿ. ಇಂಥ ಕಡೆ ವ್ಯವಹಾರ ಬೇರೆ ಥರ. ಕಲಾವಿದರು ಬಾಡಿಗೆ ಕೊಡಲ್ಲ, ಗ್ಯಾಲರಿಯವರೇ ಆರಿಸಿ, ಖರ್ಚು ಹಾಕಿ ಪ್ರದರ್ಶನ ಮಾಡ್ತಾರೆ. ಮಾರಾಟವಾದರೆ ಅದರಲ್ಲಿ ಪಾಲು ತಗೊಳ್ತಾರೆ, ಸಾಮಾನ್ಯವಾಗಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ. ಚಿತ್ರದ ಪಕ್ಕ ಸಣ್ಣ ಕೆಂಪು ಚುಕ್ಕೆ ಅಂಟಿಸಿದ್ದರೆ ಅದು ಮಾರಾಟವಾಗಿದೆ ಅಂತ. ಬೆಲೆ ಪಟ್ಟಿ ಕೇಳಿದರೆ ಕೊಡ್ತಾರೆ. ಕೊಳ್ಳದಿದ್ದರೂ ಕೇಳಬಹುದು, ಅದರಲ್ಲಿ ನಾಚಿಕೆ ಪಡೋದೇನೂ ಇಲ್ಲ.

ಒಂದು ಕೊರಗು ಮಾತ್ರ ಉಳಿದಿದೆ ಅಕ್ಕ. ಒಂದು ಗ್ಯಾಲರಿಯಲ್ಲಿ ಚಿತ್ರದ ಕೆಳಗಿನ ಚೀಟಿ, ಕಲಾವಿದನ ಪರಿಚಯ, ಗೋಡೆ ಮೇಲಿನ ಬರಹ, ಒಂದಕ್ಷರವೂ ಕನ್ನಡದಲ್ಲಿರಲಿಲ್ಲ. ಕಲಾವಿದ ಧಾರವಾಡದವನು, ಬರೆದದ್ದು ನಮ್ಮ ಜಾತ್ರೆ, ನೋಡೋಕೆ ಬಂದವರಲ್ಲಿ ಅರ್ಧ ಜನ ಕನ್ನಡದವರು. ನಾಲ್ಕು ಸಾಲು ಕನ್ನಡದಲ್ಲಿ ಬರೆಸೋದು ಎಷ್ಟು ದೊಡ್ಡ ಖರ್ಚು? ಬಾಗಿಲು ತೆರೆದಿಟ್ಟರೂ ಹೊಸಿಲು ಎತ್ತರವಾಗೋದು ಇಂಥದ್ದರಿಂದಲೇ. ಅಲ್ಲಿನ ಸಂದರ್ಶಕರ ಪುಸ್ತಕದಲ್ಲಿ ಇದನ್ನ ಕನ್ನಡದಲ್ಲೇ ಬರೆದು ಸಹಿ ಹಾಕಿ ಬಂದೆ. ಕೇಳೋರು ಹೆಚ್ಚಾದರೆ ಬರೆಸೋರೂ ಹುಟ್ಟಿಕೊಳ್ತಾರೆ. ಕೇಳೋರು ಹೆಚ್ಚಾಗಬೇಕಾದರೆ ಮೊದಲು ನಾವು ಹೋಗಬೇಕು.

ಇನ್ನೊಂದು ಮಾತು. ಉದ್ಘಾಟನೆ ಸಂಜೆ ಹೋದರೆ ಕಲಾವಿದರು ಸಿಗ್ತಾರೆ, ಮಾತಾಡಬಹುದು, ಆದರೆ ಗುಂಪಿನಲ್ಲಿ ಚಿತ್ರ ಸರಿಯಾಗಿ ಕಾಣಲ್ಲ. ಮಂಗಳವಾರವೋ ಬುಧವಾರವೋ ಮಧ್ಯಾಹ್ನ ಹೋಗಿ ನೋಡಿ. ಆ ದೊಡ್ಡ ಕೋಣೆಯಲ್ಲಿ ಕಲಾವಿದ ಒಬ್ಬನೇ ಕುರ್ಚಿ ಹಾಕಿಕೊಂಡು ಬಾಗಿಲ ಕಡೆ ಕಣ್ಣಿಟ್ಟು ಕೂತಿರ್ತಾನೆ. ಆ ಹೊತ್ತಿಗೆ ಒಳಗೆ ಬಂದ ಒಬ್ಬರು, ಉದ್ಘಾಟನೆಗೆ ಬಂದ ನೂರು ಜನರಿಗೆ ಸಮ. ಕಲಬುರಗಿಯಿಂದಲೋ ದಾವಣಗೆರೆಯಿಂದಲೋ ವರ್ಷಗಟ್ಟಲೆಯ ಕೆಲಸ ಹೊತ್ತು ತಂದವನಿಗೆ ನಮ್ಮ ಹತ್ತು ನಿಮಿಷವನ್ನ ಕೊಡದಿರೋದು ಈ ಊರಿನವರಾದ ನಮಗೆ ಶೋಭೆ ಅಲ್ಲ.

ಬರೋ ಬುಧವಾರ ಊಟ ಮುಗಿಸಿ ಮೂರು ಗಂಟೆಗೆ ಸಿದ್ಧವಾಗಿರಿ ಅಕ್ಕ. ಭಾವನವರನ್ನೂ ಎಬ್ಬಿಸಿಕೊಂಡು ಬನ್ನಿ. ಆ ಕಲಬುರಗಿ ಹುಡುಗನ ಪ್ರದರ್ಶನ ಇನ್ನೂ ಇರುತ್ತೆ. ಇಷ್ಟವಾಗದಿದ್ದರೆ ಇಷ್ಟವಾಗಲಿಲ್ಲ ಅಂತ ಅವನಿಗೇ ಹೇಳಿ, ಯಾಕೆ ಅಂತಲೂ ಹೇಳಿ. ಹೋಗದೆ ಮಾತ್ರ ಇರಬೇಡಿ.