ಅಗ್ಗದ ಅನುಮಾನ

ರಾಯಚೂರಿನ ಮೇ ತಿಂಗಳಲ್ಲಿ ‘ಇಂಜಿನ್ ಬಿಸಿಯಾಗಿದೆ’ ಅಂದರೆ ಯಾರೂ ತಲೆ ಎತ್ತುವುದಿಲ್ಲ. ನಲ್ಲಿ ನೀರು, ತಲೆದಿಂಬು, ಬಾಗಿಲ ಚಿಲಕ, ಹೆಂಡತಿಯ ಉತ್ತರ ಎಲ್ಲವೂ ಬಿಸಿಯಿರುವಾಗ ಕಾರೇನು ಮಹಾ! ಶಕ್ತಿನಗರದ 1720 ಮೆಗಾವ್ಯಾಟ್ ಸ್ಥಾವರಕ್ಕಾದರೆ ಮಗ್ಗುಲಲ್ಲೇ ಕೃಷ್ಣೆ ಇದ್ದಾಳೆ. ನನ್ನ ಕಾರಿಗಿರುವುದು ನಾಲ್ಕೈದು ಲೀಟರ್ ಹಸಿರು ನೀರು. ಆದರೂ ಬಿಸಿ ತೋರಿಸುವ ಮುಳ್ಳು ಮೇಲೇರಿದರೆ ಮೊದಲು ಸೆನ್ಸರನ್ನೇ ಅನುಮಾನಿಸಬೇಕು ಎಂಬುದು ನನ್ನ ಸಿದ್ಧಾಂತ. ಸೆನ್ಸರ್ ಅಗ್ಗ, ರೇಡಿಯೇಟರ್ ದುಬಾರಿ. ಸಂಸಾರಸ್ಥನ ಅನುಮಾನ ಯಾವಾಗಲೂ ಅಗ್ಗದ ಕಡೆಗೇ ವಾಲುತ್ತದೆ.

ಸೆನ್ಸರ್ ಹುಡುಕುವುದು ಸುಲಭವಂತೆ. ರೇಡಿಯೇಟರಿನ ಮೇಲಿನ ದಪ್ಪ ಪೈಪಿನ ಗುಂಟ ಇಂಜಿನ್ ಕಡೆ ಹೋದರೆ ಬಹಳಷ್ಟು ಗಾಡಿಗಳಲ್ಲಿ ಥರ್ಮೋಸ್ಟಾಟ್ ಸಿಗುತ್ತದೆ. ಅದರ ಪಕ್ಕದಲ್ಲೋ ಸಿಲಿಂಡರ್ ಹೆಡ್ಡಿನ ಮೇಲೋ ವೈರು ಸಿಕ್ಕಿಸಿದ ಗಿಡ್ಡ ಹಿತ್ತಾಳೆ ತಿರುಪು. ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಬಾನೆಟ್ಟಿನೊಳಗೆ ಬಗ್ಗಿದೆ. ಓಣಿಯವರು ನೆರೆದರು. ‘ಅದಲ್ರಿ, ಅದು ಆಯಿಲ್‌ದು’ ಅಂತ ಒಬ್ಬರು. ‘ಹಿಂದ ಅದ ನೋಡ್ರಿ’ ಅಂತ ಇನ್ನೊಬ್ಬರು. ಬಾಯಲ್ಲಿ ಟಾರ್ಚು ಇದ್ದದ್ದರಿಂದ ನನ್ನ ಮರ್ಯಾದೆ ಉಳಿಯಿತು.

ಸೆನ್ಸರಿನೊಳಗಿರುವುದು ಥರ್ಮಿಸ್ಟರ್. 20 ಡಿಗ್ರಿಯಲ್ಲಿ ಸಾಮಾನ್ಯವಾಗಿ 2,000 ಓಮ್‌ಗೂ ಮೇಲಿರುವ ಪ್ರತಿರೋಧ 80 ಡಿಗ್ರಿಗೆ ಬರುವಷ್ಟರಲ್ಲಿ 300ರ ಆಸುಪಾಸಿಗೆ ಕುಸಿಯುತ್ತದೆ. ಬಿಸಿ ಏರಿದಷ್ಟೂ ಪ್ರತಿರೋಧ ಇಳಿಯುವ ಗಂಡಸು ನಮ್ಮ ಮನೆಯಲ್ಲೂ ಒಬ್ಬನಿದ್ದಾನೆ; ಅವನಿಗೆ ಮಲ್ಟಿಮೀಟರ್ ಹಚ್ಚಿದವರಿಲ್ಲ. ಅದರ ಪ್ಲಗ್ ಕಿತ್ತರೆ ಎಷ್ಟೋ ಕಾರುಗಳಲ್ಲಿ ಕಂಪ್ಯೂಟರ್ ಗಾಬರಿಬಿದ್ದು ಫ್ಯಾನ್ ತಿರುಗಿಸುತ್ತದೆ. ನಮ್ಮದೂ ತಿರುಗಿತು. ಫ್ಯಾನ್, ಫ್ಯೂಸ್ ಎರಡೂ ನಿರಪರಾಧಿಗಳು. ಹೊಸ ಸೆನ್ಸರ್ ಹಾಕಿಸಿ, ಅತ್ತೆಯನ್ನು ದೇವದುರ್ಗಕ್ಕೆ ಬಿಡಲು ಹೊರಟೆವು.

ಗಬ್ಬೂರು ದಾಟುವಷ್ಟರಲ್ಲಿ ಹೊಸ ಸೆನ್ಸರೂ ಹಳೆಯದರ ಮಾತನ್ನೇ ಹೇಳಿತು. ಇಂಥ ಹೊತ್ತಿನಲ್ಲಿ ಎ.ಸಿ. ಬಂದ್ ಮಾಡಿ ಹೀಟರ್ ಪೂರ್ತಿ ಹಚ್ಚಬೇಕು; ಇಂಜಿನ್ನಿನ ಬಿಸಿ ಒಳಗೆ ಬಂದು ಅದಕ್ಕೆ ಹಗುರಾಗುತ್ತದೆ. ಹಚ್ಚಿದೆ. ಹಿಂದಿನ ಸೀಟಿನಿಂದ ಅತ್ತೆ ಮೆಲ್ಲಗೆ ಕೇಳಿದರು: ‘ಅಳ್ಯಾರ, ಹೊರಗಿನ ಬಿಸ್ಲು ಸಾಲ್ಲಿಲ್ಲೇನ್ರಿ?’

ಥರ್ಮೋಡೈನಮಿಕ್ಸ್ ವಿವರಿಸಲು ಬಾಯಿ ತೆಗೆದೆ. ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು ನನ್ನತ್ತ ನೋಡಿದಳು. ಮುಚ್ಚಿದೆ. ಮುಳ್ಳು ಇಳಿಯಿತು, ಊರು ಬರುವವರೆಗೆ ಒಳಗೆ ಯಾರೂ ಮಾತಾಡಲಿಲ್ಲ.

ಮಾನ್ವಿಯಲ್ಲಿ ಟ್ರ್ಯಾಕ್ಟರ್, ಭತ್ತ ಕೊಯ್ಯುವ ಮಷೀನು ರಿಪೇರಿ ಮಾಡುವವನು ಹೆಂಡತಿಯ ತಮ್ಮ. ಆಮೇಲೆ ನಮ್ಮ ಮನೆಗೆ ಬಂದವನು ಬಾನೆಟ್ ಎತ್ತುವ ಮೊದಲೇ ಕೇಳಿದ: ‘ಮಾಮಾ, ನಿಂತಾಗ ಬಿಸಿ ಆಗ್ತದೋ, ಓಡೋವಾಗೋ?’

‘ಓಡೋವಾಗ.’

‘ನಿಂತಾಗ ಆದ್ರ ಫ್ಯಾನ್ ನೋಡಬೇಕು. ಓಡೋವಾಗ ಆದ್ರ ರೇಡಿಯೇಟರ್ ನೋಡಬೇಕು. ಸೆನ್ಸರ್ ಯಾಕ ಕಿತ್ತಿರಿ?’

ಇದಕ್ಕೆ ಉತ್ತರವಿರಲಿಲ್ಲ. ಅವನು ಎ.ಸಿ. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಗೆ ಬೆರಳು ತೂರಿಸಿ ಎಳೆದ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಹೊಟ್ಟು, ರಾಯಚೂರು ಹತ್ತಿಯ ಎಳೆ, ಮಿಡತೆಯ ಕಾಲು, ಎಲ್ಲ ಒಂದಕ್ಕೊಂದು ಅಂಟಿ ಬೂದು ಬಣ್ಣದ ಹಾಳೆಯಾಗಿ ತುಂಡಾಗದೆ ಹೊರಬಂತು. ಗಾಳಿ ಒಳಗೆ ಹೋಗುವುದಾದರೂ ಹೇಗೆ?

ಹಳೆ ಕೂಲಂಟನ್ನೂ ಚೆಲ್ಲಿದ. ಹೊಸದಕ್ಕೆ ಬೋರ್ ನೀರು ಬೆರೆಸಿದರೆ ಒಳಗೆ ಸುಣ್ಣ ಕಟ್ಟುತ್ತದೆ, ಡಿಸ್ಟಿಲ್ಡ್ ವಾಟರೇ ಬೇಕು ಅಂದ. ಹಾಗಾಗಿ ಇನ್ವರ್ಟರ್ ಬ್ಯಾಟರಿಗೆಂದು ಹೆಂಡತಿ ತಂದಿಟ್ಟಿದ್ದ ಕ್ಯಾನು ಕಾರಿಗೆ ಹೋಯಿತು. ಅಂದಿನಿಂದ ಮುಳ್ಳು ನಡುವಿನಿಂದ ಅಲುಗಿಲ್ಲ.

ಅಲುಗಿದ್ದು ಬ್ಯಾಟರಿಯ ಮೇಲಿನ ತೇಲುಕಡ್ಡಿಗಳು. ಒಂದು ಮಧ್ಯಾಹ್ನ ಬಿರುಗಾಳಿಗೆ ಕರೆಂಟು ಹೋಯಿತು, ಹಿಂದೆಯೇ ಇನ್ವರ್ಟರ್ ಕೀಂಯ್‌ಗುಟ್ಟಿತು, ಫ್ಯಾನ್ ನಿಂತಿತು. ಹೆಂಡತಿ ಖಾಲಿ ಕ್ಯಾನು ಎತ್ತಿ ಅಲ್ಲಾಡಿಸಿ ನೋಡಿದಳು.

‘ನೀರು ಕುಡದ ಗಾಡ್ಯಾಗ ಎ.ಸಿ. ಹಚ್ಕೊಂಡು ಮಲಕೋರಿ. ನಾ ಅವ್ವನ ಮನಿಗೆ ಹೊಂಟೀನಿ.’

‘ಬಿಡ್ತೀನಿ ತಡಿ, ಈಗ ಗಾಡಿ ಬಿಸಿ ಆಗಲ್ಲ.’

‘ಬ್ಯಾಡ್ರಿ. ಬಸ್ಸಿನ್ಯಾಗ ಹೀಟರ್ ಇರಲ್ಲ.’