ಹೊಸಿಲ ಮೇಲಿನ ವೈಫೈ

ಕಂಬ ಸೀಳಿಕೊಂಡು ದೇವರೇ ಹೊರಬಂದ ಕತೆ ಕೇಳಿ ಬೆಳೆದ ಊರು ಹೊಳೆನರಸೀಪುರ. ಹೇಮಾವತಿಯ ದಂಡೆಯಲ್ಲಿ ಲಕ್ಷ್ಮೀನರಸಿಂಹ ನೆಲೆಸಿದ್ದಾನೆ. ಊರಿನ ಹೆಸರೂ ಅವನದೇ. ನೆಂಟರ ಮದುವೆಗೆಂದು ಹೋಗಿ ಅಲ್ಲಿನ ಲಾಡ್ಜೊಂದರಲ್ಲಿ ಇಳಿದ ಸಂಜೆ ನನಗೆ ತಿಳಿದದ್ದಿಷ್ಟು: ವೈಫೈಗೆ ಮಾತ್ರ ಕಂಬ ಸೀಳುವ ಶಕ್ತಿಯಿಲ್ಲ.

ನನ್ನ ರೂಮಿಗೂ ರೂಟರಿಗೂ ನಡುವೆ ತೋಳಗಲದ ಕಾಂಕ್ರೀಟ್ ಕಂಬ. 5 ಗಿಗಾಹರ್ಟ್ಸ್ ಅಲೆಗೆ ವೇಗ ಹೆಚ್ಚು, ಆದರೆ ಗೋಡೆ ಕಂಡರೆ ಅಲ್ಲೇ ಸುಸ್ತು. 2.4ರದು ನಿಧಾನವಾದರೂ ಒಂದೆರಡು ಗೋಡೆ ತೂರಿಕೊಂಡು ಬರುತ್ತದೆ. ನನ್ನ ಪಾಲಿಗೆ ಎರಡೂ ಇಲ್ಲ. ಮಂಚದ ಮೇಲೆ ಸೊನ್ನೆ, ಕಿಟಕಿಯಲ್ಲಿ ಸೊನ್ನೆ. ಕಡೆಗೆ ಮುಸ್ಸಂಜೆಯಲ್ಲಿ, ಒಳಗೂ ಅಲ್ಲದ ಹೊರಗೂ ಅಲ್ಲದ ಹೊಸಿಲ ಮೇಲೆ ಕೂತಾಗ ಸಿಗ್ನಲ್ ಬಂತು. ಹಿರಣ್ಯಕಶಿಪುವಿಗೆ ಗತಿ ಕಾಣಿಸಿದ ಜಾಗವೇ ನನಗೂ ಗತಿಯಾಯಿತು. ತಲೆ ಎತ್ತಿ ನೋಡಿದರೆ ಕಾರಿಡಾರಿನ ಉದ್ದಕ್ಕೂ ಎಲ್ಲ ಬಾಗಿಲಲ್ಲೂ ಒಬ್ಬೊಬ್ಬರು ಕೂತಿದ್ದಾರೆ. "ಹೊಸಿಲ ಮೇಲೆ ಕೂರಬೇಡ್ರೋ, ದರಿದ್ರ!" ಎಂದು ಸೋದರತ್ತೆ ಗದರಿದರು. ಗಳಿಗೆ ಕಳೆದ ಮೇಲೆ ನೋಡಿದರೆ ಅವರೂ ಬಾಗಿಲ ಪಕ್ಕ ಒರಗಿ ಮಗಳ ಜೊತೆ ವಿಡಿಯೋ ಕಾಲಿನಲ್ಲಿದ್ದರು.

ಪಾಸ್‌ವರ್ಡಿನದು ಇನ್ನೊಂದು ರಾಮಾಯಣ. "ಸುಲಭ ಸಾರ್, ನಮ್ಮೂರ ಹೆಸರೇ" ಎಂದ ಮ್ಯಾನೇಜರ್. ಹೊಳೆನರಸೀಪುರವನ್ನು ಇಂಗ್ಲಿಷಿನಲ್ಲಿ ಬರೆಯಲು ಒಬ್ಬೊಬ್ಬರದು ಒಂದೊಂದು ದಾರಿ. ಕೊನೆಗೆ 'ಎ' ಉಂಟೋ? ನಡುವೆ 'ಐ' ಒಂದೋ, ಎರಡೋ? ಬೀಗರ ಕಡೆಯ ಮೇಷ್ಟರೊಬ್ಬರು ನಾಲ್ಕು ಬಗೆಯಲ್ಲಿ ಬರೆದು ನೋಡಿ, ಐದನೆಯದಕ್ಕೆ ಫೋನನ್ನೇ ಮಗನ ಕೈಗೆ ಕೊಟ್ಟರು.

ಅಷ್ಟೂ ದಾಟಿದರೆ ಒಟಿಪಿ. ಇದು ಮ್ಯಾನೇಜರನ ಕಿರಿಕಿರಿಯಲ್ಲ. 2008ರ ಅಹಮದಾಬಾದ್ ಸ್ಫೋಟದ ಹೊತ್ತಿಗೆ ನವಿ ಮುಂಬೈಯ ಒಬ್ಬರ ಬೀಗವಿಲ್ಲದ ವೈಫೈಯಿಂದ ಬೆದರಿಕೆಯ ಇ-ಮೇಲ್ ಹೋಗಿತ್ತು. 2009ರ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆ, ಸಾರ್ವಜನಿಕ ವೈಫೈ ಬಳಸುವವರು ಯಾರೆಂದು ಗೊತ್ತಿರಲೇಬೇಕು ಎಂದಿತು: ಗುರುತಿನ ಚೀಟಿಯ ನಕಲಾದರೂ ಇರಲಿ, ಮೊಬೈಲಿಗೆ ಬಂದ ಸಂಖ್ಯೆಯಾದರೂ ಇರಲಿ. ಹಳೇ ಲಾಡ್ಜ್ ರಿಜಿಸ್ಟರಿನಲ್ಲಿ 'ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುವಿರಿ' ಎಂದು ಕೇಳುತ್ತಿದ್ದರಲ್ಲ, ಅದರ ಮರಿಮಗ ಇದು. ಆದರೆ ಅಮೆರಿಕದಿಂದ ಬಂದ ಮೊಮ್ಮಗನ ಬಳಿ ಇಲ್ಲಿನ ಸಿಮ್ ಇಲ್ಲ. ಅವನ ಒಟಿಪಿ ತಾತನ ಬಟನ್ ಫೋನಿಗೆ ಬಂತು. ತಾತನಿಗೆ ಕನ್ನಡಕ ಸಿಗಲಿಲ್ಲ. ಗುಟ್ಟಿನ ಆರು ಅಂಕಿಗಳನ್ನು ತಾತನ ಪರವಾಗಿ ವಾಚ್‌ಮನ್ ಗಟ್ಟಿಯಾಗಿ ಓದಿದ. ಕೆಳಗಿನ ಟೀ ಅಂಗಡಿಗೂ ಕೇಳಿಸಿತು.

ವರಪೂಜೆಯ ರಾತ್ರಿ ಒಂಬತ್ತಕ್ಕೆ ಇಡೀ ಲಾಡ್ಜಿನಲ್ಲಿ ಹೊಸಬರಾರಿಗೂ ವೈಫೈ ಸಿಗದಾಯಿತು. "ಅಡ್ರೆಸ್ ಖಾಲಿ ಸಾರ್" ಎಂದ ಮ್ಯಾನೇಜರ್. ಸಣ್ಣ ರೂಟರಿನ ಬಳಿ ಸಾಮಾನ್ಯವಾಗಿ ಕೊಡಲು ಇರುವುದು ಹೆಚ್ಚೆಂದರೆ 253 ವಿಳಾಸ. ಬಂದ ಫೋನಿಗೆಲ್ಲ ಒಂದೊಂದು ಕೊಟ್ಟು, ಇಷ್ಟು ಗಂಟೆ ನಿನ್ನದು ಎಂದು ಬರೆದಿಡುತ್ತದೆ. ಇಲ್ಲಿ ಆ ಅವಧಿ ಇಪ್ಪತ್ತನಾಲ್ಕು ಗಂಟೆ, ಥೇಟ್ ಲಾಡ್ಜಿನ ಬಾಡಿಗೆಯಂತೆ. ಬೆಳಿಗ್ಗೆಯೇ ರೂಮು ಬಿಟ್ಟು ಅರಕಲಗೂಡಿಗೆ ಹೋದವನ ವಿಳಾಸವೂ ಅವನ ಹೆಸರಲ್ಲೇ ಬೀಗ ಹಾಕಿಕೊಂಡಿರುತ್ತದೆ. ಟೀ ಅಂಗಡಿಯ ಕಟ್ಟೆಯ ಹುಡುಗರದು ಬೇರೆ ಲೆಕ್ಕ. ಅವರು ರೂಮು ಹಿಡಿದವರೇ ಅಲ್ಲ, ಆದರೂ ಕಾಯಂ ಗಿರಾಕಿಗಳು.

"ಅವಧಿಯನ್ನ ಎರಡು ಗಂಟೆಗೆ ಇಳಿಸಪ್ಪ, ಕಟ್ಟೆಯವರಿಗೆ ಸಿಗದಂತೆ ಪಾಸ್‌ವರ್ಡ್ ಬದಲಿಸು" ಎಂದೆ.

"ಅವಧಿ ಇಳಿಸ್ತೀನಿ ಸಾರ್. ಆದ್ರೆ ಆ ಹುಡುಗರೇ ಅಲ್ವಾ, ರೂಟರ್ ಕೆಟ್ರೆ ರಿಪೇರಿ ಮಾಡ್ಕೊಡೋದು?"

ಮಾರನೆಯ ದಿನ ಬೀಗರೂಟ ಮುಗಿಸಿ, ರೂಮಿನ ಕೀ ಮೇಜಿನ ಮೇಲಿಟ್ಟು ಹೊರಟೆ. ಟೀ ಅಂಗಡಿ ದಾಟುವಾಗಲೂ ಜೇಬಿನಲ್ಲಿ ಫೋನು ಗುಂಯ್‌ಗುಟ್ಟುತ್ತಲೇ ಇತ್ತು. ಮ್ಯಾನೇಜರ್ ಪಾಸ್‌ವರ್ಡ್ ಬದಲಿಸಿರಲೇ ಇಲ್ಲ.